ಮುನಿಯದ ಗಿಡ

ಜೀವಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಗಾಜಿನ ಸೀಸೆ ತೊಳೆದವಳನ್ನು ಶಾಲೆಯ ಮಕ್ಕಳೆಲ್ಲ ಲ್ಯಾಬಕ್ಕ ಎಂದೇ ಕರೆಯುತ್ತಿದ್ದರು. ಸಜೀವಿಗಳ ಲಕ್ಷಣದ ಪಾಠ ಅವಳಿಗೆ ಬಾಯಿಪಾಠ. ಉಸಿರಾಟ, ಪೋಷಣೆ, ಬೆಳವಣಿಗೆ, ವಿಸರ್ಜನೆ ಎಂದು ಎಣಿಸುತ್ತ ಮೇಡಂ ‘ಪ್ರತಿಕ್ರಿಯೆ’ ಎಂದೊಡನೆ ಅವಳು ‘ಮುಟ್ಟಿದರೆ ಮುನಿ’ ಗಿಡದ ಕುಂಡ ತಂದು ಮೇಜಿನ ಮೇಲಿಡಬೇಕು. ಮಕ್ಕಳು ಮುಟ್ಟಬೇಕು, ಎಲೆ ಮಡಚಿಕೊಳ್ಳಬೇಕು, ಎಲ್ಲರೂ ಹೋ ಎನ್ನಬೇಕು.

ಈ ಸಲ ದೊಡ್ಡ ರಜೆಯಲ್ಲಿ ನೀರು ಹಾಕುವವರಿಲ್ಲವೆಂದು ಕುಂಡವನ್ನು ತನ್ನ ಕೋಣೆಗೇ ಒಯ್ದಿದ್ದಳು.

ರಜೆ ಮುಗಿದ ಮೊದಲ ದಿನವೇ ಆ ಪಾಠ. ಹುಡುಗಿಯೊಬ್ಬಳು ಮುಟ್ಟಿದಳು. ಎಲೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಇಡೀ ಸಾಲು ಮುಟ್ಟಿತು. ತುದಿಯ ನಾಲ್ಕೆಲೆ ಒಲ್ಲದ ಮನಸ್ಸಿನಿಂದ ಬಾಗಿದವು, ಅಷ್ಟೇ.

“ಏನಕ್ಕ ಇದು? ನೀರು ಹಾಕಿದ್ರೋ ಇಲ್ವೋ?” ಎಂದರು ಹೊಸದಾಗಿ ಬಂದ ಮೇಡಂ.

“ಹಾಕಿದೀನಿ ಮೇಡಂ. ಗಿಡ ಚೆನ್ನಾಗೇ ಇದೆ.”

“ಹಾಗಾದ್ರೆ ಯಾರೋ ಸುಮ್‌ಸುಮ್ನೆ ಮುಟ್ತಾ ಇದ್ದಿರಬೇಕು. ಪದೇ ಪದೇ ಮುಟ್ಟಿದ್ರೆ ಅದಕ್ಕೆ ಅಭ್ಯಾಸ ಆಗ್ಬಿಡುತ್ತೆ. ಮನೇಲಿ ಚಿಕ್ಕ ಮಕ್ಕಳಿದಾರಾ?”

“ಪಕ್ಕದ ಮನೆಯವು ಮೇಡಂ, ಕೈ ಸುಮ್ನಿರಲ್ಲ ಅವಕ್ಕೆ,” ಎಂದಳು ಲ್ಯಾಬಕ್ಕ, ಸೀಸೆ ಒರೆಸುತ್ತ.

ಪಕ್ಕದ ಮನೆಗೆ ಬೀಗ ಬಿದ್ದು ವರ್ಷವಾಗಿತ್ತು. ರಜೆಯ ನಲವತ್ತು ದಿನವೂ ಎದ್ದ ಕೂಡಲೇ, ಉಣ್ಣುವ ಮುಂಚೆ, ಹೊರಗೆ ಹೋಗಿ ಬಂದಾಗಲೆಲ್ಲ “ಏನೇ, ಹೇಗಿದೀಯ?” ಎಂದು ಎಲೆ ಸವರಿದವಳು ಅವಳೇ. ಆ ಕೋಣೆಯಲ್ಲಿ ಮಾತಾಡಿಸಿದರೆ ಅಲುಗುವುದು ಅದೊಂದೇ ಇತ್ತು. ಕೊನೆಯ ವಾರದ ಹೊತ್ತಿಗೆ ಅದೂ ಸುಮ್ಮನಾಗಿತ್ತು.