ಚಿಕ್ಕಮ್ಮನ ಎರಡು ಕೆನ್ನೆ

ನಮ್ಮ ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾಳೆ. ಹೊಲಿಗೆ ಮಷೀನನ್ನು ಗೋಡೆಗೆ ಮುಖ ಮಾಡಿ ಇಟ್ಟುಕೊಂಡಿದ್ದಳು. ಬಂದವರಿಗೆ ಕಾಣುತ್ತಿದ್ದುದು ಅವಳ ಬೆನ್ನು. ಎರಡನೇ ಹೆರಿಗೆಯಾದ ಮೇಲೆ ಅವಳ ಎರಡೂ ಕೆನ್ನೆಗೆ ಬಂಗು ಬಂದಿತ್ತು. ಅವಳ ಬಾಯಿಗೆ ಬಾಗಿಲಿಲ್ಲ, ಆದರೆ ಈ ವಿಷಯಕ್ಕೆ ಮಾತ್ರ ಬೀಗ.

ನಾನು ಚರ್ಮರೋಗದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿ. ಅಲ್ಲಿ ಜ್ಯೇಷ್ಠಮಧು ಬೇರಿನ ಸಾರ ಸೇರಿಸಿದ ಮುಲಾಮಿನ ಪರೀಕ್ಷೆ ಶುರುವಾದಾಗ ಅವಳ ಹೆಸರನ್ನೂ ಬರೆಸಿದೆ.

"ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗತ್ತಲ್ಲ ಚಿಕ್ಕಮ್ಮ, ಹಾಗೆ ಕಪ್ಪು ಮಾಡೋ ಕಿಣ್ವ ಚರ್ಮದಲ್ಲೂ ಇದೆ. ಈ ಬೇರು ಅದರ ಕೈ ಕಟ್ಟತ್ತೆ."

"ಬದನೆಕಾಯಾದ್ರೆ ನೀರಲ್ಲಿ ಹಾಕ್ತೀನಿ. ಮುಖಾನೂ ಅದ್ದಿಟ್ಕೊಂಡ್ರೆ ಸಾಲ್ದೇನೇ?" ಎಂದಳು. ಆದರೂ ಬಂದಳು.

ಕೊಟ್ಟಿದ್ದು ಎರಡು ಟ್ಯೂಬು. ಒಂದು ಎಡಗೆನ್ನೆಗೆ, ಇನ್ನೊಂದು ಬಲಗೆನ್ನೆಗೆ, ಹನ್ನೆರಡು ವಾರ. ಬೇರಿನ ಸಾರ ಇದ್ದಿದ್ದು ಒಂದರಲ್ಲಿ ಮಾತ್ರ. ಯಾವುದರಲ್ಲಿ ಎಂದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪರೀಕ್ಷೆ ಮುಗಿಸಿದವರಿಗೆ ಒಂದು ವರ್ಷಕ್ಕಾಗುವಷ್ಟು ಮುಲಾಮು ಕೊಡುವ ಮಾತಾಗಿತ್ತು. ಅಂಗಡಿಯಲ್ಲಿ ಅದಿನ್ನೂ ಸಿಗುತ್ತಿರಲಿಲ್ಲ.

ಎಂಟನೇ ವಾರ ಬಣ್ಣ ಅಳೆಯುವ ಯಂತ್ರ ಹಿಡಿದೆ. ಉಳಿದವರಲ್ಲಿ ಹೆಚ್ಚಿನವರಿಗೆ ಒಂದೇ ಕೆನ್ನೆ ತಿಳಿಯಾಗಿತ್ತು. ಚಿಕ್ಕಮ್ಮನಿಗೆ ಎರಡೂ ತಿಳಿಯಾಗಿದ್ದವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕನ್ನಡಿ ಕೊಟ್ಟೆ. ನೋಡಿಯೇ ನೋಡಿದಳು. ಖುಷಿಪಡಬೇಕಾದ ನನಗೆ ಕಸಿವಿಸಿಯಾಯಿತು.

"ಹೇಗೆ ಹಚ್ಚಿದೆ? ನಿಜ ಹೇಳು."

"ಎರಡನ್ನೂ ಅಂಗೈಲಿ ಬೆರೆಸಿ ಎರಡೂ ಕಡೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ನನ್ನ ಕೈಲಾಗಲ್ಲ ಕಣೇ. ನಿಮ್ಮಮ್ಮ ಬೆಳ್ಳಗಿದ್ಲು, ನಾನು ಕಪ್ಪು. ಹೊಸ ಬಟ್ಟೆ ಅವಳಿಗೆ, ಅವಳು ಹಾಕಿ ಬಿಟ್ಟಿದ್ದು ನನಗೆ. ನನ್ನ ಮುಖದ ಮೇಲೂ ಅದನ್ನೇ ಮಾಡ್ಲಾ?"

ನನಗೆ ಅಳು ಬಂತು. ಇದನ್ನು ಬರೆದರೆ ಅವಳನ್ನು ಪರೀಕ್ಷೆಯಿಂದ ಕೈಬಿಡುತ್ತಾರೆ, ಮುಲಾಮು ನಿಲ್ಲುತ್ತದೆ, ಬಂಗು ಮರಳುತ್ತದೆ. ಅದನ್ನೂ ಹೇಳಿದೆ. ಆಮೇಲೆ ದನಿ ತಗ್ಗಿಸಿ, "ಸುಮ್ನಿದ್ದುಬಿಡೋಣ ಚಿಕ್ಕಮ್ಮ" ಎಂದೆ.

ಅವಳು ಕನ್ನಡಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಅಳತೆ ತಪ್ಪು ಅಂತ ಗೊತ್ತಾದ ಮೇಲೂ ಬಟ್ಟೆಗೆ ಕತ್ತರಿ ಹಾಕ್ತಾರೇನೇ? ಬರ್ಕೋ."

ಬರೆದುಕೊಂಡೆ. ಮುಲಾಮು ನಿಂತಿತು.

ಕೆಲವು ತಿಂಗಳ ನಂತರ ಅವಳ ಮನೆಗೆ ಹೋದೆ. ಬಂಗು ಮೊದಲಿನಂತೆಯೇ ಎರಡೂ ಕೆನ್ನೆಯ ಮೇಲೆ ಕೂತಿತ್ತು. ಮಷೀನು ಮಾತ್ರ ಬಾಗಿಲಿಗೆ ಮುಖ ಮಾಡಿತ್ತು. ಅಂಗಿ ಒಯ್ಯಲು ಬಂದಿದ್ದ ಹೆಂಗಸಿನೊಡನೆ ಚಿಕ್ಕಮ್ಮ ತಲೆಯೆತ್ತಿ ಹರಟುತ್ತಿದ್ದಳು. ಆಕೆ ಹೋದ ಮೇಲೆ "ಇದ್ಯಾವಾಗ ತಿರುಗಿಸಿದೆ?" ಎಂದು ಕೇಳಿದೆ.

"ಬಂಗು ಹೋಗ್ತಾ ಇತ್ತಲ್ಲ, ಆವಾಗ."

"ಈಗ?"

"ಅದು ವಾಪಸ್ ಬಂತು ಅಂತ ನಾನು ಮತ್ತೆ ಗೋಡೆ ನೋಡ್ತಾ ಕೂತ್ಕೊಳ್ಳಲಾ? ಈ ಮಷೀನು ಎಷ್ಟು ಭಾರ ಇದೆ ಗೊತ್ತೇನೇ ನಿಂಗೆ?"