ಬೆಳ್ಳುಳ್ಳಿ ತಿಂದ ಕೋಳಿಗಳು

ತತ್ತಿ ತಿನ್ನದ ಮನೆಯಲ್ಲಿ ತತ್ತಿಯ ವ್ಯಾಪಾರ ಮಾಡುವುದೆಂದರೆ ಕಣ್ಣು ಕಟ್ಟಿಕೊಂಡು ಒಗ್ಗರಣೆ ಹಾಕಿದ ಹಾಗೆ. ಗಡಹಿಂಗ್ಲಜದಲ್ಲಿ ನಮ್ಮವ್ವ ಅದನ್ನೇ ಮಾಡಿದಳು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಒಂದು ಸೀರೆಗೂ ದೊಡ್ಡಪ್ಪನ ಮುಖ ನೋಡಬೇಕಿತ್ತು. ಅದು ಸಾಕಾಗಿ ಅವ್ವ ಕೊಲ್ಲಾಪುರದಿಂದ ಬಿಳಿ ಕೋಳಿಗಳನ್ನು ತರಿಸಿ ಹಿತ್ತಲಲ್ಲಿ ಸಾಕಿದಳು. ನಮ್ಮದು ಲಿಂಗ ಕಟ್ಟಿದವರ ಮನೆ. ದೊಡ್ಡಪ್ಪ ಒಪ್ಪಿದ್ದೇ ಒಂದು ಕರಾರಿನ ಮೇಲೆ: ಕೋಳಿಯದ್ದೇನೂ ಹೊಸ್ತಿಲು ದಾಟಬಾರದು, ಊರವರ ಒಂದು ತಕರಾರೂ ಬಾಗಿಲಿಗೆ ಬರಬಾರದು. ಬಂದರೆ ಅದೇ ದಿನ ಗೂಡು ಖಾಲಿ.

ಆ ಮಳೆಗಾಲ ಕೋಳಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿದವು. ತತ್ತಿ ನಿಂತಿತು. ನಮಗೆ ನೆಗಡಿಯಾದರೆ ಮಾಡುತ್ತಿದ್ದ ಔಷಧವನ್ನೇ ಅವ್ವ ಅವಕ್ಕೂ ಮಾಡಿದಳು. ಅಜಿವಾನ, ಅರಿಷಿಣ, ಮೆಣಸು, ಹಿಡಿಗಟ್ಟಲೆ ಬೆಳ್ಳುಳ್ಳಿ ಜಜ್ಜಿ ಜೋಳದ ನುಚ್ಚಿನಲ್ಲಿ ಕಲಸಿ ಇಟ್ಟಳು. ಅಡುಗೆಮನೆಯ ಒರಳು ಮುಟ್ಟುವಂತಿರಲಿಲ್ಲ, ಬಟ್ಟೆ ಒಗೆಯುವ ಕಲ್ಲೇ ಗತಿ. ಕೋಳಿಗಳು ಚೇತರಿಸಿಕೊಂಡು ಮತ್ತೆ ತತ್ತಿ ಇಟ್ಟವು. ಆ ಹಿಗ್ಗಿನಲ್ಲಿ ಅವ್ವ ಬೆಳ್ಳುಳ್ಳಿಯನ್ನು ಇನ್ನಷ್ಟು ಹೆಚ್ಚಿಸಿದಳು. ಅತಿಯಾದರೆ ಅಮೃತವೂ ವಿಷ ಎಂಬುದು ಅವಳಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ರುಚಿ ನೋಡಿ ಹೇಳುವ ನಾಲಿಗೆ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಒಂದು ಬೆಳಿಗ್ಗೆ ಎಸ್.ಟಿ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನವನು ತತ್ತಿಯ ಬುಟ್ಟಿ ಹೊತ್ತು ಬಂದ. ನಮ್ಮ ತತ್ತಿ ಕೊಳ್ಳುತ್ತಿದ್ದವನು ಅವನೊಬ್ಬನೇ. ಯಾವಾಗಲೂ ಹಿತ್ತಲಿಗೆ ಬರುವವನು ಅಂದು ಮುಂಬಾಗಿಲಲ್ಲೇ ನಿಂತ. ಗಿರಾಕಿಗಳು ಆಮ್ಲೆಟ್ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಾರೆ, ತತ್ತಿ ಕೆಟ್ಟಿವೆ ಎಂದ. ದೊಡ್ಡಪ್ಪ ಪೂಜೆಯಿಂದೆದ್ದು ವಿಭೂತಿಯ ಕೈಯಲ್ಲೇ ಹೊರಗೆ ಬಂದ. ಅವ್ವ ಬಕೀಟಿನಲ್ಲಿ ನೀರು ತಂದು ತತ್ತಿಗಳನ್ನು ಒಂದೊಂದಾಗಿ ಬಿಟ್ಟಳು. ಕೆಟ್ಟಿದ್ದರೆ ತೇಲಬೇಕಿತ್ತು, ಎಲ್ಲವೂ ತಳ ಸೇರಿದವು.

"ತಾಜಾ ಅದಾವ, ಖರೇ. ಆದ್ರ ನಾರತಾವಲ್ರೀ ವೈನಿ, ಯಾರಿಗೆ ಮಾರ್ಲಿ?" ಎಂದ ಹೋಟೆಲಿನವನು.

ದೊಡ್ಡಪ್ಪ ಅವನಿಗೆ ಗೂಡಿನ ಕೋಳಿಗಳನ್ನೆಲ್ಲ ಹಿಡಿದುಕೊಂಡು ಹೋಗಲು ಹೇಳಿದ. ಅವ್ವ ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿ ಉರಿ ಹಚ್ಚಿದಳು. ಹಳೆಯ ತಗಡಿನ ಮುಚ್ಚಳದಲ್ಲಿ ಒಂದು ತತ್ತಿ ಒಡೆದು ಬೇಯಿಸಿದಳು. ಸೆರಗಿನೊಳಗಿನ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು, ಹಿಂದೆಯೇ ಬಂದು ನಿಂತಿದ್ದ ನಮ್ಮೆಲ್ಲರ ಎದುರಿಗೆ ಒಂದು ಚೂರನ್ನು ನಾಲಿಗೆಯ ಮೇಲಿಟ್ಟಳು. ದೊಡ್ಡಪ್ಪ ಮುಖ ತಿರುಗಿಸಿದ. ನಾನು ತಿರುಗಿಸಲಿಲ್ಲ. ಅಷ್ಟು ಹೆದರಿಕೆ, ಅಷ್ಟು ಹೆಮ್ಮೆ ನನಗೆ ಒಟ್ಟಿಗೇ ಆದದ್ದು ಅದೊಂದೇ ಸಲ.

ಅವ್ವ ಉಗುಳಿ ಬಾಯಿ ಮುಕ್ಕಳಿಸಿದಳು.

"ಕೆಟ್ಟಿಲ್ರೀ. ನಾ ಹಾಕಿದ ಬಳ್ಳೊಳ್ಳಿ ತತ್ತಿಗೆ ಇಳದೈತಿ. ಇವತ್ತಿಂದ ಬಳ್ಳೊಳ್ಳಿ ಬಂದ್. ಒಂದ್ ಸ್ವಲ್ಪ ದಿನಾ ತಡದು ಬರ್ರಿ."

ಹೋಟೆಲಿನವನು ಒಪ್ಪಿ ಹೋದ, ಮಾತಿನಂತೆ ಮತ್ತೆ ಬಂದ. ಅವನೇ ತಕರಾರು ಬಿಟ್ಟಮೇಲೆ ದೊಡ್ಡಪ್ಪನೂ ಗೂಡು ಖಾಲಿ ಮಾಡಿಸಲಿಲ್ಲ, ಕೋಳಿಗಳು ಉಳಿದವು. ಅವ್ವನಿಗೆ ಮಾತ್ರ ಅಡುಗೆಮನೆ ಉಳಿಯಲಿಲ್ಲ. ತತ್ತಿ ಮುಟ್ಟಿದ ಬಾಯಿ ಒಳಗೆ ಬೇಡ ಎಂದುಬಿಟ್ಟ ದೊಡ್ಡಪ್ಪ. ಅವನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಅವ್ವ ಹಿತ್ತಲಿನ ಆ ಮೂರು ಕಲ್ಲುಗಳನ್ನು ತೆಗೆಯಲಿಲ್ಲ. ತತ್ತಿಯ ರುಚಿ ನೋಡಿದ ದಿನವೇ ಸಂಜೆ ಅದೇ ಒಲೆಯ ಮೇಲೆ ರೊಟ್ಟಿ ಮಾಡಿದಳು. ಕೋಳಿಗಳಿಗೆಂದು ಸುಲಿದಿಟ್ಟಿದ್ದ ಬೆಳ್ಳುಳ್ಳಿಯನ್ನೆಲ್ಲ ಖಾರ ಹಾಕಿ ಕುಟ್ಟಿ ಚಟ್ನಿ ಮಾಡಿ ನನ್ನ ತಾಟಿಗೆ ಹಾಕಿದಳು.