ವಿಮಾನಕ್ಕೆ ಹದ ಮಾಡಿದ ನೆಲ

ಬುಕ್ಕಾಂಬುಧಿ ಸುತ್ತಿನಲ್ಲಿ ಹೊಲ ಹದ ಮಾಡುವುದೆಂದರೆ ತೀರ್ಥಪ್ಪನೇ. ಅವನು ಉತ್ತು ಕುಂಟೆ ಹೊಡೆದ ಹೊಲಕ್ಕೆ ಕಾಲಿಟ್ಟರೆ ಮೆತ್ತನೆ ಮಣ್ಣಲ್ಲಿ ಪಾದ ಮುಚ್ಚಬೇಕು. ಇಲ್ಲದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. “ನಮ್ಮನೆಯೋರಿಗೆ ಹಾಸಿಗೆ ಯಾಕೆ, ಹೊಲದಾಗೇ ಮಲಗ್ತಾರೆ” ಎಂದು ಹೆಂಡತಿ ಮಲ್ಲಿಕಾಂಬ ಛೇಡಿಸುತ್ತಿದ್ದಳು.

ಎಪ್ಪತ್ತೈದರ ಬೇಸಿಗೆಯಲ್ಲಿ ಎಂಜಿನ್ ಕೆಟ್ಟ ಪುಟ್ಟ ವಿಮಾನವೊಂದು ಅವನ ಬೀಳು ಹೊಲದಲ್ಲಿ ಕುಪ್ಪಳಿಸುತ್ತಾ ಇಳಿಯಿತು. ಪೈಲಟ್ ಈಗಷ್ಟೇ ಮೀಸೆ ಚಿಗುರಿದ ಹುಡುಗ, ಕನ್ನಡ ಬಾರದು. ರಿಪೇರಿ ಮುಗಿಯುವವರೆಗೆ ತೀರ್ಥಪ್ಪನ ಮನೆಯಲ್ಲೇ ರೊಟ್ಟಿ ತಿಂದ, ಮಲ್ಲಿಕಾಂಬಳನ್ನು ಅಮ್ಮ ಎಂದು ಕರೆದ. ತೀರ್ಥಪ್ಪನಿಗೆ ಅವನ ಮೇಲೆ ಜೀವ.

ವಿಮಾನ ಹೊರಡುವ ಮುನ್ನಾದಿನ, ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಹುಡುಗನ ಜೊತೆ ಸಾಮಾನು ತರಲು ಬೀರೂರಿಗೆ ಹೊರಡುತ್ತಾ, “ಯಜಮಾನ್ರೇ, ವಿಮಾನ ಓಡೋಕೆ ಹೊಲ ಚೆನ್ನಾಗಿ ಸಮ ಮಾಡ್ಬೇಕಂತೆ” ಎಂದ.

“ನನ್ನ ಕೈಗೆ ಬಿಟ್ಟಿದ್ದೀರಲ್ಲ, ಹೋಗ್ಬನ್ನಿ.”

ಹಿಂದಿನ ದಿನದ ಮಳೆಗೆ ನೆಲ ನೆನೆದಿತ್ತು. ತೀರ್ಥಪ್ಪ ಕಲ್ಲು ಆರಿಸಿದ, ಉತ್ತ, ಕುಂಟೆ ಹೊಡೆದ, ಕೊರಡು ಎಳೆದು ಮೇಲ್ಮೈ ನುಣ್ಣಗೆ ಮಾಡಿದ. ಮಗಳ ಮದುವೆಗೂ ಇಷ್ಟು ದುಡಿದಿರಲಿಲ್ಲ.

ಬೆಳಿಗ್ಗೆ ಮೋಡ ಕವಿದಿತ್ತು. ಹುಡುಗ ದೂರದಿಂದಲೇ ಹೊಲ ನೋಡಿ, ಕೈಬೀಸಿ, ಅವಸರದಲ್ಲಿ ವಿಮಾನ ಹತ್ತಿದ. ಅದು ಗಟ್ಟಿ ಅಂಚಿನಿಂದ ಓಡಿ ಬಂದು ಹದವಾದ ಮಣ್ಣಿಗೆ ಇಳಿದದ್ದೇ ತಡ, ಚಕ್ರ ಹೂತು, ಮೂತಿ ನೆಲಕ್ಕೆ ಬಡಿದು, ಬಾಲ ಆಕಾಶ ನೋಡಿತು. ತೀರ್ಥಪ್ಪನೇ ಓಡಿಹೋಗಿ ಹುಡುಗನನ್ನು ಹೊರಗೆ ಎಳೆದುಕೊಂಡ. ಬಲಗೈ ಮುರಿದಿತ್ತು. ಹುಡುಗ ಎಡಗೈಯಲ್ಲಿ ಒಂದು ಹಿಡಿ ಮಣ್ಣು ಬಾಚಿ, ತೀರ್ಥಪ್ಪನ ಮುಖದ ಮುಂದೆ ಹಿಡಿದು ಏನೋ ಕೂಗಿದ. ಅಷ್ಟರಲ್ಲಿ ಜೀಪು ಬಂತು. ತರೀಕೆರೆ ಆಸ್ಪತ್ರೆಗೆ ಹೋದವನು ಮತ್ತೆ ಬರಲಿಲ್ಲ.

ಹಿಡಿ ಮಣ್ಣೆತ್ತಿ ತೋರಿಸಿದರೆ ನಮ್ಮ ಕಡೆ ಅದು ಹೊಲದ ಹದಕ್ಕೆ ಹೊಗಳಿಕೆ. ತೀರ್ಥಪ್ಪನ ತಲೆ ಕೆಟ್ಟುಹೋಯಿತು. ಕೈ ಮುರಿದವನು ಹೊಗಳುತ್ತಾನೆಯೇ? ಬೈದನೆನ್ನಲು, ಅಂಥ ನೆಲದಲ್ಲಿ ಬೈಯುವಂಥದ್ದೇನಿತ್ತು?

“ಆ ಮಗೀನ ಕೈ ನಾನೇ ಮುರಿದ್ನೇನಯ್ಯಾ?” ಎಂದು ಪಕ್ಕದ ಹೊಲದ ಕಲ್ಲೇಶಪ್ಪನನ್ನು ಕೇಳಿದ.

“ಗಾಳಿ ಕಣಯ್ಯಾ, ಬರೀ ಗಾಳಿ” ಎಂದ ಕಲ್ಲೇಶಪ್ಪ. ತಪ್ಪನ್ನು ಗಾಳಿಯ ಮೇಲೆ ಹಾಕಿದರೆ ಅದು ಎದುರಾಡುವುದಿಲ್ಲವಲ್ಲ!

ಆ ಹೊಲದಲ್ಲಿ ರಾಗಿ ಹಿಂದೆಂದೂ ಕಾಣದಷ್ಟು ಸೊಗಸಾಗಿ ಬಂತು. ತೀರ್ಥಪ್ಪ ತೆನೆ ಮುಟ್ಟಿ ನೋಡಲೂ ಇಲ್ಲ.

ಕೊಯ್ಲು ಮುಗಿದ ಮೇಲೆ ಒಕ್ಕಣೆಗೆಂದು ಅಲ್ಲೇ ಕಣ ಮಾಡಿದರು. ಕಾಳು ಮಣ್ಣಲ್ಲಿ ಹೂತುಹೋಗದಂತೆ ನೀರು ಚಿಮುಕಿಸಿ, ಕಲ್ಲುಗುಂಡು ಎಳೆದು, ಸಗಣಿ ಸಾರಿಸಿದ್ದಾಯಿತು.

“ಗಟ್ಟಿಯಾಯ್ತೇನ್ರೀ?” ಎಂದಳು ಮಲ್ಲಿಕಾಂಬ.

ತೀರ್ಥಪ್ಪ ಹಿಮ್ಮಡಿಯಿಂದ ಒದ್ದು ನೋಡಿದ. ಹೂತುಹೋಗಲಿಲ್ಲ. ಇನ್ನೊಮ್ಮೆ ಒದ್ದ. ಅಲ್ಲೇ ಕೂತು ಅಂಗೈಯಿಂದ ತಟ್ಟಿದ.

“ಲೇ, ಆ ಮಗ ಕೇಳಿದ್ದು ಇದನ್ನ! ನಂಗೆ ಇದೂ ಬರ್ತಿತ್ತಲ್ಲೇ…”

ಬಹಳ ಹೊತ್ತು ಅತ್ತ. ಆಮೇಲೆ ಎದ್ದು ಮತ್ತೆ ಕಲ್ಲುಗುಂಡು ಕಟ್ಟಿ, ಕಣದ ಅಂಚು ದಾಟಿ ಹೊಲದುದ್ದಕ್ಕೂ ಎಳೆಯತೊಡಗಿದ. ಮಲ್ಲಿಕಾಂಬ ಮುಂದೆ ಮುಂದೆ ನೀರು ಚಿಮುಕಿಸುತ್ತಾ ನಡೆದಳು.